ಮಾದನಕುಂಟೆಯ ನೀರು ನೋಡುವ ಮೇಡಂ

ಬುಧವಾರ ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷ. ಅಲ್ಲಾಳಸಂದ್ರದಿಂದಾಚೆ ಮಾದನಕುಂಟೆ ಕೆರೆಯ ಏರಿಯ ಮೇಲೆ ವಾಕಿಂಗ್‌ನವರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಿದ್ದಾರೆ. ಕೋಡಿಯ ಪಕ್ಕದ ಮೆಟ್ಟಿಲುಗಳನ್ನು ಹೆಂಗಸೊಬ್ಬರು ಗೋಡೆ ಹಿಡಿದು ಒಂದೊಂದಾಗಿ ಇಳಿಯುತ್ತಾರೆ. ಎಡ ಮಂಡಿ ಮಡಚಲು ಒಪ್ಪುವುದಿಲ್ಲ. ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತು ಸುಧಾರಿಸಿಕೊಂಡು, ಚಹಾ ಸೋಸುವ ಬಟ್ಟೆಯಂಥ ಸಣ್ಣ ಕಣ್ಣಿನ ಬಲೆಯನ್ನು ನೀರಿಗೆ ಬಿಡುತ್ತಾರೆ.

"ಏನಮ್ಮ, ಮೀನ್ ಹಿಡೀತಿದೀರಾ?" ಮೇಲಿನಿಂದ ಯಾರೋ ಕೇಳುತ್ತಾರೆ.

"ಇಲ್ಲಪ್ಪಾ, ನೀರ್ ನೋಡ್ತಿದೀನಿ."

ಹದಿನೇಳು ವರ್ಷಗಳಿಂದ ಅದೇ ಪ್ರಶ್ನೆ, ಅದೇ ಉತ್ತರ. ಇವರು ಪ್ರೊಫೆಸರ್ ಗಂಗರತ್ನಮ್ಮ. ನಗರದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಕೆರೆಯ ಹುಳ, ಮರಿ, ಬಸವನಹುಳುಗಳನ್ನು ಪ್ರತಿ ಬುಧವಾರ ಎಣಿಸುತ್ತಾರೆ. ಹೀಗೆ ತುಂಬಿದ ನೋಟ್‌ಬುಕ್ಕುಗಳು ಈಗ ಮೂವತ್ತನಾಲ್ಕು. ಬರುವ ಜೂನ್‌ನಲ್ಲಿ ಅವರಿಗೆ ನಿವೃತ್ತಿ.

ಹುಟ್ಟಿದ್ದು ಕೊಡಿಗೇಹಳ್ಳಿಯಲ್ಲಿ. ಅಪ್ಪ ಬೈರಣ್ಣ ದ್ರಾಕ್ಷಿ ತೋಟ ಮಾಡಿಕೊಂಡಿದ್ದರು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಲ್ಲಿ ಇವರೇ ಮೊದಲಿಗರು. ಎರಡು ಬಸ್ಸು ಬದಲಾಯಿಸಿ ಯಶವಂತಪುರದ ಕಡೆಯ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ, ಪ್ರಾಕ್ಟಿಕಲ್ ಇದ್ದ ಸಂಜೆ ತಾಯಿ ಮುನಿಕೃಷ್ಣಮ್ಮ ಹಿತ್ತಲಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದರಂತೆ. "'ಕಪ್ಪೆ ಕುಯ್ದು ಬಂದ ಕೈಲಿ ಒಲೆ ಮುಟ್ಬೇಡ, ಮೊದ್ಲು ನೀರ್ ಉಯ್ಕೋ' ಅನ್ನೋರು. ಆದ್ರೆ ಓದು ನಿಲ್ಸು ಅಂತ ಒಂದು ದಿನಾನೂ ಅನ್ಲಿಲ್ಲ," ಎಂದು ಗಂಗರತ್ನಮ್ಮ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಇವರು ಸೇರಿದಾಗ ವಿಭಾಗದಲ್ಲಿ ಒಂಬತ್ತು ಅಧ್ಯಾಪಕರಿದ್ದರು. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಕಾಯಂ ಆಗಿ ಉಳಿದವರು ಇವರೊಬ್ಬರೇ. ಜೊತೆಗೆ ನಾಲ್ವರು ಅತಿಥಿ ಉಪನ್ಯಾಸಕರು. ವಾರಕ್ಕೆ ಹದಿನೆಂಟು ಗಂಟೆ ಪಾಠ, ಅರವತ್ತನಾಲ್ಕು ವಿದ್ಯಾರ್ಥಿಗಳು, ಅವರೆಲ್ಲರ ಪ್ರಾಕ್ಟಿಕಲ್‌ಗೆ ಕೆಲಸ ಮಾಡುವ ಆರು ಮೈಕ್ರೋಸ್ಕೋಪು. ಪರೀಕ್ಷೆ ಮುಗಿದರೆ ದಿನಕ್ಕೆ ನಲವತ್ತು ಉತ್ತರಪತ್ರಿಕೆ. ಯಾವುದಾದರೊಂದು ಸಮಿತಿ ಬರುತ್ತದೆ ಎಂದರೆ ಎರಡು ತಿಂಗಳು ಫೈಲು ಜೋಡಿಸುವುದೇ ಕೆಲಸ.

"ಪಾಠ ಮಾಡಿ ಸುಸ್ತಾಗಲ್ಲ ಕಣ್ರೀ. ಪಾಠ ಮಾಡಿದ್ದೀನಿ ಅಂತ ಬರೆದು ಬರೆದು ಸುಸ್ತಾಗುತ್ತೆ."

ಅವರ ದಣಿವಿಗೆ ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ಶುರುಮಾಡುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

ಏಳು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಬೆಳಿಗ್ಗೆ, ಮಾದನಕುಂಟೆಯ ದಡದುದ್ದಕ್ಕೂ ಸತ್ತ ಮೀನು ತೇಲಿದವು. ಊರೆಲ್ಲ ನಾತ. ಕಾರಣ ತಿಳಿಸಿ ಎಂದು ಅಧಿಕಾರಿಗಳು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು; ಆ ಪತ್ರ ಇವರ ಮೇಜಿಗೆ ಬಂತು. ನೀರಿನಲ್ಲಿ ಕೊಳಚೆ ಸೇರಿರುವುದು ಮೊದಲ ದಿನವೇ ಗೊತ್ತಾಯಿತು. ಎಲ್ಲಿಂದ ಎಂದು ನೋಡಲು ಚರಂಡಿಯ ಗುಂಟ ಮೇಲಕ್ಕೆ ನಡೆದರು. ಮಣ್ಣಿನಡಿ ಹೂತಿಟ್ಟಿದ್ದ ಒಂದು ಪೈಪು ಸಿಕ್ಕಿತು. ಅದು ಬಂದಿದ್ದು ನಲವತ್ತು ಮನೆಗಳ ಹೊಸ ಅಪಾರ್ಟ್‌ಮೆಂಟಿನಿಂದ. ಕಟ್ಟಿಸಿದವರು ಲಕ್ಕಣ್ಣ, ಗಂಗರತ್ನಮ್ಮನವರ ಒಡಹುಟ್ಟಿದ ತಮ್ಮ.

ಆ ಭಾನುವಾರ ಲಕ್ಕಣ್ಣ ಗಂಗಾನಗರದ ಅಕ್ಕನ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ.

"ಅಕ್ಕಾ, ಕೊಳಚೆ ಸೇರೈತೆ ಅಂತ ಬರಿ, ಬೇಡ ಅನ್ನಲ್ಲ. ಎಲ್ಲಿಂದ ಅನ್ನೋದು ಬಿಟ್ಬಿಡು. ಇಂಗೆ ಮಾಡಿದ್ರೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದಾ?"

"ಪೈಪು ಮುಚ್ಚಿಸ್ಬಿಡು ಲಕ್ಕಣ್ಣ. ಮುಚ್ಚಿಸಿದ್ದಾರೆ ಅಂತಾನೂ ಬರೀತೀನಿ."

"ಅಂದ್ರೆ ನನ್ನ ಹೆಸ್ರು ಬರ್ದೇ ಬರೀತೀಯ."

ತಮ್ಮ ಎದ್ದು ಹೋದರು. ಮಾರನೆಯ ದಿನ ಗಂಗರತ್ನಮ್ಮ ವರದಿ ಕಳಿಸಿದರು, ಕಟ್ಟಡದ ಹೆಸರಿನ ಸಮೇತ.

ವರದಿ ಎರಡು ವರ್ಷ ಕಚೇರಿಯಲ್ಲಿ ದೂಳು ತಿಂದಿತು. ಆಮೇಲೆ ಬಂದ ಅಧಿಕಾರಿಯೊಬ್ಬರು ಅದನ್ನು ಹೊರತೆಗೆದು ಪೈಪು ಮುಚ್ಚಿಸಿದರು. ಲಕ್ಕಣ್ಣ ದಂಡ ಕಟ್ಟಿ, ಅಪಾರ್ಟ್‌ಮೆಂಟಿಗೆ ನೀರು ಶುದ್ಧ ಮಾಡುವ ಘಟಕ ಹಾಕಿಸಿದರು. ಆದರೆ ತವರಿನ ಬಾಗಿಲು ತೆರೆಯಲಿಲ್ಲ. ಗೌರಿ ಹಬ್ಬಕ್ಕೆ ತಮ್ಮನ ಕಡೆಯಿಂದ ಬರುತ್ತಿದ್ದ ಬಾಗಿನ ನಿಂತಿತು. ತಾಯಿ ತೀರಿಕೊಂಡಾಗ ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತಿದ್ದರು. ಕಳೆದ ವರ್ಷ ಹಬ್ಬದ ದಿನ ತಮ್ಮನ ಹೆಂಡತಿ ನಾಗಲಕ್ಷ್ಮಿ ಮೊರದ ಬಾಗಿನ ಹಿಡಿದು ಒಬ್ಬರೇ ಬಂದರು. ಲಕ್ಕಣ್ಣ ರಸ್ತೆಯಲ್ಲಿ ಕಾರಿನೊಳಗೇ ಕುಳಿತಿದ್ದರು.

"ಅವನೇ ಕಳಿಸಿದ್ದು ಅಂತ ಅಂದ್ಲು. ಅಷ್ಟು ಸಾಕು. ಬೇಜಾರು ಯಾಕೆ ಇರಲ್ಲ, ಎತ್ತಿ ಆಡಿಸಿದ ಹುಡುಗ ಅವನು. ಆದ್ರೆ ಮತ್ತೆ ಬರಿ ಅಂದ್ರೂ ಅದನ್ನೇ ಬರೀತೀನಿ," ಎನ್ನುತ್ತಾರೆ ಗಂಗರತ್ನಮ್ಮ. ಧ್ವನಿ ಏರುವುದಿಲ್ಲ.

ಕೆರೆ ಪೂರ್ತಿ ಸುಧಾರಿಸಿಲ್ಲ. ಮೀನು ಸತ್ತ ಮೇಲಿನ ಮೊದಲ ಮೂರು ವರ್ಷದ ಎಷ್ಟೋ ಪುಟಗಳಲ್ಲಿ ತುಂಬಿರುವುದು 'ಏನೂ ಇಲ್ಲ' ಎಂಬ ಎರಡೇ ಪದ. ಈಚೆಗೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಬಲೆಗೆ ಬೀಳುತ್ತಿವೆ. ನೀರು ಒಂದಿಷ್ಟು ಚೆನ್ನಾಗಿದ್ದರೆ ಮಾತ್ರ ಅವು ಬದುಕುತ್ತವೆಯಂತೆ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಇವರ ಪಕ್ಕ ಕೂರುವವರು ರುಮಾನಾ. ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ, ವಯಸ್ಸು ನಲವತ್ತೆರಡು. "ಮೇಡಂ ಹೋದ್ಮೇಲೆ ಇಲ್ಲಿ ಸೈನ್ ಹಾಕೋಕೂ ಜನ ಇರಲ್ಲ ಸರ್. ನನ್ನನ್ನ ಮುಂದಿನ ಸೆಮಿಸ್ಟರ್‌ಗೆ ಕರೀತಾರೋ ಇಲ್ವೋ, ಅದೂ ಗೊತ್ತಿಲ್ಲ," ಎಂದು ಅವರು ಸ್ಲೈಡು ತೊಳೆಯುತ್ತಲೇ ಹೇಳುತ್ತಾರೆ.

ಬೀಳ್ಕೊಡುಗೆಗೆ ಏನು ಬೇಕು ಮೇಡಂ ಎಂದು ಕುಲಸಚಿವರ ಕಚೇರಿಯವರು ಈಗಾಗಲೇ ಕೇಳಿದ್ದಾರೆ.

"ಶಾಲು ಬೇಡ, ಹಾರ ಬೇಡ, ನನ್ನ ಕುರ್ಚಿಗೆ ಒಬ್ಬರನ್ನ ಕಾಯಂ ಮಾಡಿ ಅಂದೆ. ನೋಡೋಣ ಅಂದ್ರು. ನೋಡೋಣ ಅಂದ್ರೆ ಏನು ಅಂತ ಮೂವತ್ತೊಂದು ವರ್ಷದಲ್ಲಿ ಕಲ್ತಿದೀನಿ," ಎಂದು ಮಂಡಿ ನೀವಿಕೊಳ್ಳುತ್ತಾ ಏಳುತ್ತಾರೆ. ಎರಡು ಗಂಟೆಯ ಕ್ಲಾಸಿಗೆ ಹೊತ್ತಾಗಿದೆ.

ಇಷ್ಟು ವರ್ಷದಲ್ಲಿ ಏನು ಸಾಧಿಸಿದಿರಿ ಎಂಬ ಪ್ರಶ್ನೆ ಅವರನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ.

"ಸಾಧನೆ ಗೀಧನೆ ಏನಿಲ್ಲ ಕಣ್ರೀ. ಕಣ್ಣಾರೆ ನೋಡದೆ ಒಂದು ಅಂಕಿನೂ ಬರ್ದಿಲ್ಲ. ಅಷ್ಟೇ."