ಎರಡನೆಯ ಹೆಸರು

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಜಯನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರ ಬಳಿ ಕೆಲಸ ಮಾಡುತ್ತಿದ್ದೆ. ದೇಶದೇಶಗಳಲ್ಲಿ ಯಾರ್ಯಾರೋ ಆಡಿಸಿದ್ದ ಒಂದು ಆಟದ ವರದಿಗಳನ್ನೆಲ್ಲ ಕಲೆಹಾಕಿ ಒಟ್ಟಿಗೆ ವಿಶ್ಲೇಷಿಸುವ ಕೆಲಸ. ಆಟ ಸರಳ: ಒಬ್ಬನ ಕೈಗೆ ದುಡ್ಡು ಕೊಟ್ಟು, ಇನ್ನೊಬ್ಬನಿಗೆ ಪಾಲು ಕೊಡು ಎನ್ನುತ್ತಾರೆ. ಆ ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ಉಂಟು, ಬೇಡವೆಂದರೆ ಇಬ್ಬರಿಗೂ ಇಲ್ಲ. ಪಾಲು ಚಿಕ್ಕದಾಯಿತೆಂದು ಸಿಟ್ಟಿಗೆದ್ದು ಬೇಡ ಎನ್ನುವವರು ಎಲ್ಲೆಡೆ ಇದ್ದರು. ಎಷ್ಟು ಚಿಕ್ಕದಾದರೆ ಸಿಟ್ಟು ಎಂಬುದು ಮಾತ್ರ ಊರಿಂದೂರಿಗೆ ಬೇರೆ.

ಒಂದು ವರ್ಷ ನಾನೊಬ್ಬಳೇ ಓದಿ ಪಟ್ಟಿ ಮಾಡಿದೆ. ಆಮೇಲೆ ಅವಳು ಬಂದಳು. ಗದಗದ ಕಡೆಯವಳು. ಬಿಟಿಎಂ ಲೇಔಟಿನ ಪಿಜಿಯಿಂದ ಬಸ್ಸು ಹಿಡಿದು ಬಂದರೂ ದಿನವೂ ನನಗಿಂತ ಮೊದಲೇ ಕೂತಿರುತ್ತಿದ್ದಳು. ಮೊದಲ ವಾರವೇ ಅಂದಳು, "ಸರ್, ನಮ್ಮ ಕಡೆ ಭಾಳ ಕೊಟ್ರೂ ಒಲ್ಲೆ ಅಂತಾರ್ರೀ. ತಿರುಗಿ ಕೊಡಬೇಕಾಗ್ತದಲ್ಲ."

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಹೆಚ್ಚು ಕೊಟ್ಟಾಗಲೂ ಬೇಡವೆಂದವರನ್ನು ನಾನು ಏನೋ ತಪ್ಪಾಗಿದೆ ಎಂದು ಬದಿಗಿಟ್ಟಿದ್ದೆ. ಪಕ್ಕದ ಮನೆಯವರ ಡಬ್ಬಿಯನ್ನು ನಮ್ಮಮ್ಮ ಒಂದು ದಿನವೂ ಖಾಲಿ ಹಿಂದಿರುಗಿಸಿದವಳಲ್ಲ. ನನಗೇಕೆ ಹೊಳೆಯಲಿಲ್ಲ? ಅಂದಿನಿಂದ ಬಾಗಿಲಲ್ಲಿ ಅವಳ ಚಪ್ಪಲಿ ಕಂಡರೂ ಮೈ ಉರಿಯುತ್ತಿತ್ತು.

ಲೇಖನ ಸಿದ್ಧವಾಗುವ ಹೊತ್ತಿಗೆ ಮೇಷ್ಟ್ರು ಹೇಳಿದರು, "ಅವಳ ಹೆಸರು ಮೊದಲು ಹಾಕೋಣಮ್ಮ, ನಿಂದು ಎರಡನೇದು."

"ನಂದು ಹಾಕ್ಲೇಬೇಡಿ ಸಾರ್," ಎಂದವಳೇ ವರ್ಷದ ಪಟ್ಟಿಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಬಂದೆ. ನಾನಿಲ್ಲದೆ ಅದು ಹೇಗೆ ಹೊರಬರುತ್ತದೋ ನೋಡೋಣ ಎಂಬ ಜಂಬ. ಅವಳು ಎಲ್ಲವನ್ನೂ ಮತ್ತೆ ಓದಿ ಮೂರೇ ತಿಂಗಳಲ್ಲಿ ಹೊಸ ಪಟ್ಟಿ ಮಾಡಿದಳು. ಆಟದಲ್ಲಾದರೆ ಇಬ್ಬರೂ ಕಳೆದುಕೊಳ್ಳುತ್ತಿದ್ದರು; ಇಲ್ಲಿ ಕಳೆದುಕೊಂಡವಳು ನಾನೊಬ್ಬಳೇ.

ಅಚ್ಚಾದ ಪ್ರತಿ ಹಿಡಿದು ಅವಳೇ ಮನೆಗೆ ಬಂದಳು. ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಅವಳು ಹೋದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದಳು.

"ನಿನ್ನ ಹೆಸರು ಎಲ್ಲಿದೆಯೇ?"

"ಎರಡನೇದು ಕೊಟ್ರು. ಬೇಡ ಅಂದೆ."

"ಎರಡನೇದು ಮೇಷ್ಟ್ರದ್ದಿದೆ. ನೀನು ಒಪ್ಪಿದ್ದಿದ್ರೆ ಅವರು ನಿನ್ನ ಹಿಂದೆ, ಮೂರನೇದಾಗಿ ನಿಲ್ತಿದ್ರು ಅಲ್ವಾ?"

ಮೊದಲ ಹೆಸರಿನವಳೊಬ್ಬಳನ್ನೇ ನೋಡುತ್ತಿದ್ದ ನನಗೆ, ಮೂರನೆಯ ಹೆಸರು ಯಾರದೆಂದು ಕೇಳಬೇಕೆಂದೂ ಅನ್ನಿಸಿರಲಿಲ್ಲ.