ನನಗೂ ಒಂದು ಮೆದುಳಿತ್ತು

ಹೆಂಡತಿ ಗಿರಿಜೆಯ ಮಂಡಿನೋವಿಗೆಂದು ಇವತ್ತು ತಿಪಟೂರಿನ ಡಾಕ್ಟರೊಬ್ಬರ ಬಳಿ ಬಂದಿದ್ದೆವು. ನನ್ನ ಕನ್ನಡಕ ಹುಡುಕುವ ಗಲಾಟೆಯಲ್ಲಿ ಮೊದಲ ಬಸ್ಸು ತಪ್ಪಿತ್ತು. ಅವಳು ಮುಖ ಊದಿಸಿಕೊಂಡು ಆಚೆ ಬೆಂಚಿನಲ್ಲಿ ಕುಳಿತಿದ್ದಳು. ಈಚೆ ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ಕಿನ ಮೆದುಳೊಂದು ನನ್ನನ್ನೇ ನೋಡುತ್ತಿತ್ತು. ಮೆದುಳಿಗೆ ಕಣ್ಣೆಲ್ಲಿಂದ ಬಂತು ಎನ್ನಬೇಡಿ, ನನಗೂ ಅದಕ್ಕೂ ಹಳೆಯ ಪರಿಚಯ.

ತೊಂಬತ್ತರ ದಶಕದ ಕೊನೆ. ನಾನು ಹೊನ್ನವಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತುಮಕೂರಿನ ತರಬೇತಿಯೊಂದರಲ್ಲಿ ವೈದ್ಯರೊಬ್ಬರು ಮೆದುಳಿನ ಬಗ್ಗೆ ಮಾತಾಡಿದರು. ಅದರೊಳಗೆ ಬಾದಾಮಿಯಷ್ಟು ಚಿಕ್ಕದೊಂದು ಭಾಗವಿದೆಯಂತೆ. ಮನಸ್ಸಿಗೆ ಪೆಟ್ಟಾದರೆ ಅದು ಅಪಾಯದ ಗಂಟೆ ಹೊಡೆಯುತ್ತದೆ, ಆಗ ಹಣೆಯ ಹಿಂದೆ ಕೂತು ಯೋಚಿಸುವ ಭಾಗದ ಮಾತು ಅಷ್ಟಾಗಿ ನಡೆಯುವುದಿಲ್ಲ. ನಂಬಿದವರು ಹತ್ತಿರ ಬಂದು ಕೈ ಹಿಡಿದರೆ ಗಂಟೆ ತಣ್ಣಗಾಗುತ್ತದೆ. ಎಲ್ಲವನ್ನೂ ಬರೆದುಕೊಂಡು ಬಂದೆ. ಮನೆಯಲ್ಲಿ ಪಾಠ ಮಾಡಿದ್ದು ಮಾತ್ರ ಮೊದಲರ್ಧವನ್ನು.

ಸಾರಿಗೆ ಉಪ್ಪು ಹೆಚ್ಚಾಯಿತೆಂದಾಗ ಅವಳು ಸಿಡುಕಿದರೆ, "ನೋಡು, ಗಂಟೆ ಹೊಡೀತಿದೆ" ಎನ್ನುತ್ತಿದ್ದೆ. "ನಿಮ್ ಗಂಟೆ ಸ್ಕೂಲಲ್ಲೇ ಬುಟ್ಟು ಬನ್ರೀ" ಎಂದು ನಗುತ್ತಿದ್ದಳು. ಅವಳ ತಂಗಿಯ ಮಗುವಿನ ನಾಮಕರಣದ ದಿನ ಮಾತ್ರ ನಗಲಿಲ್ಲ. ನಾನು ಅದನ್ನು ಪೂರ್ತಿ ಮರೆತು ಭಾನುವಾರದ ವಿಶೇಷ ತರಗತಿ ಒಪ್ಪಿಕೊಂಡಿದ್ದೆ. ಅವಳು ಹೊಸ ಸೀರೆಯುಟ್ಟು ಮಧ್ಯಾಹ್ನದವರೆಗೂ ಬಾಗಿಲಲ್ಲೇ ಕಾದಳಂತೆ. ನಾನು ಬಂದಾಗ ಅಳುತ್ತಿದ್ದಳು. ಅಳುವವಳ ಮುಂದೆ ನಿಂತು ಬಾದಾಮಿಯ ಪಾಠ ಶುರು ಮಾಡಿದೆ ನೋಡಿ, ನನ್ನಂಥ ಪಂಡಿತ ಇನ್ನೊಬ್ಬನಿರಲಾರ. ಮಾರನೆಯ ದಿನ ಅರಳಗುಪ್ಪೆಯ ತವರಿಗೆ ಹೋದವಳು ಹದಿನೈದು ದಿನವಾದರೂ ಬರಲಿಲ್ಲ. ಇವಳು ಬಾರದೇ ಹೋದರೆ ಎಂದು ನಿಜಕ್ಕೂ ಹೆದರಿದೆ.

ಕರೆತರಲು ಹೋದೆ. ಗಿರಿಜೆ ಕಾಫಿ ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋಗಿಬಿಟ್ಟಳು. ಹಿತ್ತಿಲಲ್ಲಿ ಮಾವನವರು, ಉಂಡೆ ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಒಣಗಿಸಿ ಇಳಿಸಿದ ತೆಂಗಿನಕಾಯಿಗಳ ಸಿಪ್ಪೆ ಸುಲಿದು, ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದರು. ಕೊಬ್ಬರಿ ಕರಟ ಬಿಟ್ಟು ಗಡಗಡ ಎಂದರೆ ಈಚೆ, ನೀರು ಬಳಕ್ ಎಂದರೆ ಆಚೆ. ಒಳ್ಳೆಯ ಅಳಿಯ ಎನಿಸಿಕೊಳ್ಳುವ ಆತುರದಲ್ಲಿ ನಾನು ಮಚ್ಚು ಹಿಡಿದು ಆಚೆಯ ರಾಶಿಗೇ ಕೈ ಹಾಕಿದೆ. ನಾಲ್ಕು ಕಾಯಿ ಒಡೆದೆ. ನಾಲ್ಕರಲ್ಲೂ ನೀರು ಚೆಲ್ಲಿ, ತಿರುಳು ಕರಟಕ್ಕೆ ಅಂಟಿಕೊಂಡೇ ಚೂರಾಯಿತು.

"ಅಳಿಯಂದ್ರೇ, ನೀರಿರೋ ಕಾಯ್ನ ಒಡೆದ್ರೆ ಕೊಬ್ಬರಿ ಉಂಡೆಯಾಗಿ ಎಂಗ್ ಬತ್ತದೆ? ಅವು ಇನ್ನೂ ಅಟ್ಟದ್ ಮೇಲೆ ಇರ್ಬೇಕಾದವು, ಬುಡಿ" ಎಂದರು ಮಾವ. ಮನೆಯವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು, ಎದೆ ಹೊಡೆದುಕೊಂಡಿತು. "ಯಾರೂ ಹೇಳ್ಲೇ ಇಲ್ವಲ್ಲ!" ಎಂದು ಕಿರುಚಿ ಐದನೆಯದಕ್ಕೆ ಬೀಸಿದೆ. ಮಚ್ಚು ಹೆಬ್ಬೆರಳನ್ನು ಸವರಿತು.

ಗಿರಿಜೆ ಅರಿಶಿನ ತಂದು ನನ್ನ ಕೈ ಹಿಡಿದುಕೊಂಡಳು. "ಈಗ ಯಾರ್ ಗಂಟೆ ಹೊಡೀತೈತೆ ಮೇಷ್ಟ್ರೇ?" ಎಂದಳು. ಕಣ್ಣಲ್ಲಿ ನಗುವಿತ್ತು. ಅಷ್ಟು ದಿನ ಅವಳ ಮೆದುಳನ್ನೇ ಪರೀಕ್ಷಿಸುತ್ತಿದ್ದವನಿಗೆ ನನಗೂ ಒಂದಿದೆ ಎಂಬುದು ಹೊಳೆದದ್ದು ಆಗಲೇ. ಅವಳು ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ನನ್ನ ಎದೆ ನೆಟ್ಟಗೆ ಬಡಿಯತೊಡಗಿತ್ತು. "ನಾಮಕರಣ ಮರೆತದ್ದು ನನ್ನ ತಪ್ಪು ಕಣೇ" ಎಂದೆ. ಹದಿನೈದು ದಿನದಿಂದ ಬಾರದ ಮಾತು ಅದು. ಸಂಜೆಯ ಬಸ್ಸಿಗೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವಳು ನೆನೆನೆನೆದು ನಕ್ಕಳು. ನನಗೆ ಆ ನಗು ಎಷ್ಟಾದರೂ ಸಾಲದಾಗಿತ್ತು.

ಕ್ಲಿನಿಕ್ಕಿನಲ್ಲಿ ನಮ್ಮ ಸರದಿ ಇನ್ನೂ ಬಂದಿರಲಿಲ್ಲ. ಎದ್ದು ಅವಳ ಬೆಂಚಿನ ಬಳಿ ಹೋಗಿ ನಿಂತೆ. ಬಸ್ಸು ತಪ್ಪಿದ್ದಕ್ಕೆ ನನ್ನ ಬಳಿ ಮೂರು ಒಳ್ಳೆಯ ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ. ಗಿರಿಜೆ ತಲೆಯೆತ್ತದೆ, ಪಕ್ಕದಲ್ಲಿದ್ದ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಕುಳಿತೆ.