ಅಮಾವಾಸ್ಯೆಯ ಮಗ್ಗ

ಮೊಮ್ಮಕ್ಕಳೇ, ನೀವು ರಜೆಗೆ ಬಂದಾಗ ಮಲಗುತ್ತಿದ್ದ ಮುಂದಿನ ಕೋಣೆಯಲ್ಲಿ ಈಗ ಪತ್ರಿಕೆ ತಯಾರಾಗುತ್ತದೆ. ಫೋನಿನಲ್ಲಿ ಹೇಳಿದಾಗ ನೀವು ನಕ್ಕಿರಿ, ನನಗೂ ಮಾತು ಮುಂದೆ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ಐದಾರು ಜನ ಆ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿನ ಸುದ್ದಿಯನ್ನು ತಾವೇ ತಂದು, ತಾವೇ ಬರೆದು, ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ ಅಚ್ಚು ಹಾಕಿಸುತ್ತಾರೆ. ಬಸ್ ನಿಲ್ದಾಣದಲ್ಲಿ, ಚಹಾ ಅಂಗಡಿಗಳಲ್ಲಿ ಕೈಯಾರೆ ಹಂಚುತ್ತಾರೆ. ಸಂಪಾದಕಿ ನನ್ನಿವಾಳದ ರೈತರ ಮನೆಯ ಹುಡುಗಿ. ಶೇಂಗಾ ಕೀಳುವ ದಿನಗಳಲ್ಲಿ ಹೊಲದಿಂದ ನೇರ ಬಂದು, ಕೈ ತೊಳೆದು ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಫೋಟೊ ತೆಗೆಯುವವನು ಇಲ್ಲೇ ಚಳ್ಳಕೆರೆ ಪೇಟೆಯ ಮೆಕ್ಯಾನಿಕ್ ಸಾಹೇಬರ ಮಗ. ಅವರಪ್ಪನ ಹಳೇ ಬೈಕೇ ಇಡೀ ಪತ್ರಿಕೆಯ ವಾಹನ.

ಮೊದಮೊದಲು ನಾನು ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಒಗ್ಗರಣೆ ಹಾಕಿದ ಮಂಡಕ್ಕಿಯ ತಟ್ಟೆ ಬಾಗಿಲಲ್ಲಿಟ್ಟು ಹಿಂದಿರುಗುತ್ತಿದ್ದೆ. ಒಂದು ದಿನ ಸಂಪಾದಕಿಯೇ ಪುಟ ಹಿಡಿದು ಅಡುಗೆಮನೆಗೆ ಬಂದಳು.

“ಅಜ್ಜಿ, ಇದನ್ನ ಓದ್ರಿ. ನಿಮಗೆ ತಿಳೀತು ಅಂದ್ರೆ ಊರಿಗೆಲ್ಲ ತಿಳೀತೈತೆ.”

“ಅಜ್ಜಿ ದಡ್ಡಿ ಅಂತಿದೀಯೇನೆ?” ಎಂದ ಹಿಂದೆ ಬಂದ ಫೋಟೊದವನು. ಅದೇ ಪುಟ ಸುತ್ತಿ ಅವನ ಬೆನ್ನಿಗೆ ಬಾರಿಸಿದಳು.

ಅಂದಿನಿಂದ ಅಚ್ಚಿಗೆ ಹೋಗುವ ಪುಟವೆಲ್ಲ ಮೊದಲು ನನ್ನ ಕೈಗೆ ಬರತೊಡಗಿತು. ನಾನು ಹಳ್ಳಿ ಶಾಲೆಯ ಏಳನೇ ತರಗತಿಯವಳು. ಓದಿ “ಚೆನ್ನಾಗೈತೆ” ಎನ್ನುತ್ತಿದ್ದೆ. ಅದನ್ನು ಬಿಟ್ಟು ಇನ್ನೊಂದು ಮಾತು ಆಡಿದವಳಲ್ಲ.

ಒಂದು ಸಲ ಮೊದಲ ಪುಟದಲ್ಲಿ ಮೊಳಕಾಲ್ಮೂರಿನ ನೇಕಾರರ ಮನೆಯೊಂದು ಬಂತು. ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿದೆ, ಯಜಮಾನರು ಜಗಲಿಯಲ್ಲಿ ಸುಮ್ಮನೆ ಕೂತಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘ಸದ್ದು ನಿಂತ ಮನೆ’. ಗಂಡ ಹೆಂಡತಿ ನೇಯುವುದನ್ನು ಬಿಟ್ಟಿದ್ದಾರೆಂದು ಕಣ್ಣು ತುಂಬುವ ಹಾಗೆ ಬರೆದಿದ್ದರು.

ನನ್ನ ತವರು ಮೊಳಕಾಲ್ಮೂರಿನ ಪಕ್ಕದ ಹಳ್ಳಿ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಪೂಜೆ ಮಾಡಿ, ಬಟ್ಟೆ ಹೊದಿಸಿ ಬಿಡುತ್ತಿದ್ದರು. ಈ ಮಕ್ಕಳು ಅಲ್ಲಿಗೆ ಹೋಗಿದ್ದು ಅಮಾವಾಸ್ಯೆಯಂದೇ. ಬೆಳಿಗ್ಗೆ ಹೊರಟವರ ಕೈಗೆ ಪೂಜೆಯ ಕೊಬ್ಬರಿ ಬೆಲ್ಲ ಕೊಟ್ಟು ಕಳಿಸಿದವಳು ನಾನೇ. ಪುಟ ನೋಡಿದ ಕೂಡಲೇ ಅನುಮಾನ ಬಂತು. ಆದರೆ ಅವರ ಮೇಷ್ಟ್ರು ಬರಹ ಬಹಳ ಚೆನ್ನಾಗಿದೆ ಅಂದಿದ್ದರಂತೆ. ಹುಡುಗಿ ಹಿಗ್ಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಓದಿದವರ ಮುಂದೆ ನಾನೇನು ಹೇಳಲಿ?

“ಚೆನ್ನಾಗೈತೆ” ಅಂದೆ.

ಪತ್ರಿಕೆ ಹಂಚಿ ನಾಲ್ಕು ದಿನವಾಗಿತ್ತು. ಆ ನೇಕಾರರ ಹೆಂಡತಿ ಬಸ್ಸು ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಂತರು, ಕೈಯಲ್ಲಿ ಮಡಿಚಿದ ಪತ್ರಿಕೆ. ಸಂಪಾದಕಿಯನ್ನು ಕಂಡವರೇ ಕೇಳಿದರು:

“ಏಮಮ್ಮಾ, ನಮ್ಮ ಮಗ್ಗಾನ ನೀವೇ ನಿಲ್ಲಿಸಿಬಿಟ್ರಾ? ಅವತ್ತು ಉಂಡು ಹೋದ್ರಲ್ಲ, ಒಂದು ಮಾತು ಕೇಳೋಕೆ ಬಾಯಿ ಬರ್ಲಿಲ್ವಾ?”

“ಊಟ ಹಾಕಿದೋರನ್ನ ನೇಯೋದು ಯಾಕೆ ಬಿಟ್ರಿ ಅಂತ ಹೆಂಗೆ ಕೇಳೋದು ಅಂತ...” ಹುಡುಗಿ ಕುರ್ಚಿ ಬಿಟ್ಟು ಎದ್ದು ನಿಂತಳು.

ಚಳ್ಳಕೆರೆಯದೇ ಒಂದು ಮನೆಯವರು ಮಗಳ ಧಾರೆ ಸೀರೆಗೆ ಈ ನೇಕಾರರಿಗೆ ಹೇಳಿದ್ದರಂತೆ. ಮದುಮಗಳು ಆರಿಸಿದ ಬಣ್ಣ ಹಾಕಿಸಿ, ನೂಲು ಮಗ್ಗಕ್ಕೆ ಏರಿಸಿಯೂ ಆಗಿತ್ತು. ಪತ್ರಿಕೆ ಓದಿದ ಮದುಮಗಳ ತಾಯಿ ಫೋನು ಮಾಡಿ, ‘ನೀವು ಬಿಟ್ಟಿದೀರಂತಲ್ಲ, ಬೇರೆ ಕಡೆ ನೋಡ್ಕೋತೀವಿ’ ಅಂದಿದ್ದರು. ಇವರು ಬಾಯಿ ತೆರೆಯುವ ಮೊದಲೇ ಫೋನು ಇಟ್ಟಿದ್ದರು.

“ಅವತ್ತು ಅಮಾವಾಸ್ಯೆ ಕಣಮ್ಮಾ!”

ಹುಡುಗಿ ಹಣೆ ಹಿಡಿದುಕೊಂಡಳು. “ನಮ್ಮಪ್ಪನೂ ಅಮಾವಾಸ್ಯೆಗೆ ಎತ್ತು ಹೂಡಲ್ಲ. ನಂಗೆ ಹೊಳೀಲೇ ಇಲ್ವಲ್ಲ!”

ಫೋಟೊದವನು ಮೆಲ್ಲಗೆ, “ಮುಂದಿನ ಸಲ ಕಡೇ ಪುಟದಾಗೆ ತಿದ್ದುಪಡಿ ಹಾಕಾಣ” ಎಂದ.

ಆಗ ನಾನು ಹೊಸ್ತಿಲು ದಾಟಿದ್ದು. ಕೈಯಲ್ಲಿ ನೀರಿನ ಚೊಂಬು ಹಾಗೇ ಇತ್ತು.

“ನಂಗೆ ಗೊತ್ತಿತ್ತು,” ಅಂದೆ. “ನಂದೂ ಮಗ್ಗದ ಮನೆ. ಓದಿದಾಗ್ಲೇ ಅನ್ನಿಸ್ತು. ಹೇಳ್ಲಿಲ್ಲ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. “ನಮ್ಮ ಕಡೆ ಹೆಣ್ಣಾಗಿ ಬಾಯಿಗೆ ನೂಲು ಸುತ್ಕೊಂಡು ಕೂತಿದ್ಯಾ? ಮುಂದಿನ ಪತ್ರಿಕೆ ಬರೋ ಹೊತ್ಗೆ ಅವ್ರು ಬೇರೆ ಸೀರೆ ತಂದಿರ್ತಾರೆ.”

“ಹಂಗಾದ್ರೆ ಈಗ್ಲೇ ಹೋಗಾಣ,” ಅಂದೆ. ಆ ಮಾತು ನನ್ನ ಬಾಯಿಂದ ಬಂದಿದ್ದಕ್ಕೆ ನನಗೇ ಗಾಬರಿಯಾಯಿತು.

ನಿಮ್ಮ ಅಜ್ಜ ಹೋದ ಮೇಲೆ ಗುರುತಿಲ್ಲದವರ ಮನೆಗೆ ನಾನು ಕಾಲಿಟ್ಟಿರಲಿಲ್ಲ. ಹೆಂಗಸರು ಮೂವರೂ ಆಟೋದಲ್ಲಿ ಹೋದೆವು. ಹುಡುಗಿ ಸುತ್ತಿ ಬಳಸಿ ಹೇಳಲಿಲ್ಲ. “ನಾವು ಬರೆದಿದ್ದು ತಪ್ಪು. ಮಗ್ಗ ನಡೀತಾ ಐತೆ” ಅಂದಳು.

ಮದುಮಗಳ ತಾಯಿಗೆ ನಂಬಿಕೆ ಬರಲಿಲ್ಲ. “ಅವತ್ತು ಹಂಗೆ, ಇವತ್ತು ಹಿಂಗೆ. ಯಾವುದನ್ನ ನಂಬೋಣ?” ಎಂದವರು ನನ್ನ ಕಡೆ ತಿರುಗಿದರು. “ನೀವ್ಯಾರು?”

“ಇವ್ರ ಪತ್ರಿಕೆ ಓದೋಳು. ಮಗ್ಗದ ಮನೆ ಮಗಳು. ಅಮಾವಾಸ್ಯೆಗೆ ನಮ್ಮಪ್ಪನೂ ನೇಯ್ತಿರ್ಲಿಲ್ಲ. ಮಾರನೇ ದಿನ ಸೂರ್ಯ ಹುಟ್ಟೋಕೆ ಮುಂಚೆನೇ ಕೂರ್ತಿದ್ರು. ಬೇಕಾದ್ರೆ ನೀವೇ ಹೋಗಿ ನೋಡ್ರಿ.”

ಒಳಗಿನಿಂದ ಮದುಮಗಳು ಇಣುಕಿದಳು. “ಅವ್ವಾ, ನನ್ನ ಬಣ್ಣ ಮಗ್ಗಕ್ಕೆ ಹಾಕಿದಾರಂತಲ್ಲ. ನೋಡ್ಕೊಂಡಾದ್ರೂ ಬರಾಣ.”

ಭಾನುವಾರ ತಾಯಿ ಮಗಳು ಮೊಳಕಾಲ್ಮೂರಿಗೆ ಹೋದರು. ನಮ್ಮ ಮಕ್ಕಳೂ ಹೋದರು, ನನ್ನನ್ನೂ ಎಳೆದುಕೊಂಡು ಹೋದರು. ಯಜಮಾನರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಬಂದವರತ್ತ ಒಮ್ಮೆ ನೋಡಿ ನೇಯತೊಡಗಿದರು. ಗೇಣುದ್ದ ಸೀರೆ ಆಗಿತ್ತು. ಮದುಮಗಳು ಅದರ ಮೇಲೆ ಬೆರಳಾಡಿಸಿ, “ಇದೇ ಇರ್ಲಿ” ಅಂದಳು. ಅಲ್ಲಿಯವರೆಗೆ ಮುಟ್ಟದೆ ಇಟ್ಟಿದ್ದ ಚಹಾವನ್ನು ಆಕೆಯ ತಾಯಿ ಆಗ ಕುಡಿದರು.

ತಿದ್ದುಪಡಿ ಕಡೆಯ ಪುಟಕ್ಕೆ ಹೋಗಲಿಲ್ಲ. ಮೊದಲ ಪುಟದಲ್ಲೇ, ಮೊದಲಿನಷ್ಟೇ ದಪ್ಪ ಅಕ್ಷರದಲ್ಲಿ ‘ನಾವು ಕೇಳಲಿಲ್ಲ, ತಪ್ಪು ಬರೆದೆವು’ ಎಂದು ಸಂಪಾದಕಿಯೇ ಬರೆದಳು. ಫೋಟೊದಲ್ಲಿ ಯಜಮಾನರು ನೇಯುತ್ತಿದ್ದಾರೆ. ಮೂಲೆಯಲ್ಲಿ ನನ್ನ ಮೊಣಕೈಯೂ ಬಂದಿದೆ.

ಈಗ ಆ ಕೋಣೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆಲ್ಲ ಫೋಟೊದವನು ಕೆಂಪು ಸುತ್ತು ಹಾಕಿದ್ದಾನೆ. ನನಗೊಂದು ಕುರ್ಚಿ ಇದೆ, ಒಂದು ಪೆನ್ಸಿಲ್ ಇದೆ. “ಚೆನ್ನಾಗೈತೆ” ಅಂದರೆ ಯಾರೂ ಒಪ್ಪುವುದಿಲ್ಲ. ಇವತ್ತಿನ ಪುಟದಲ್ಲಿ ದೊಡ್ಡಉಳ್ಳಾರ್ತಿಯ ಕುರಿಗಳ ಸುದ್ದಿ ಇತ್ತು. ಎರಡು ಕಡೆ ಗೆರೆ ಎಳೆದು, ‘ಕುರಿ ಕಾಯುವವರನ್ನೇ ಕೇಳಿ ಬನ್ನಿ’ ಎಂದು ಬರೆದೆ. ಗೊಣಗುತ್ತಲೇ ಬೈಕು ಹತ್ತಿ ಹೋಗಿದ್ದಾರೆ.

ರಜೆಗೆ ಬಂದಾಗ ನೀವು ನಡುಮನೆಯಲ್ಲಿ ಮಲಗಬೇಕಾಗುತ್ತದೆ. ಮುಂದಿನ ಕೋಣೆಯಲ್ಲಿ ನನಗೆ ಕೆಲಸವಿದೆ.